ಪುಕ್ಕಟೆ ಹಲ್ಲು ಕೀಳುವ ಪರವಾನಗಿ

ಡಾಕ್ಟರಮ್ಮ ವೆಸ್ಟಾ ಕೋಬರ್ನ್ ಅವರ ತಾಯಿಗೆ ಹದಿನೆಂಟನೇ ವಯಸ್ಸಿಗೇ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಮದುವೆ ಗೊತ್ತಾಗಿತ್ತು, ಅದಕ್ಕೆ ಕೀಳಿಸಿದ್ದರು. ನಮ್ಮ ಕಲ್ಲಿದ್ದಲ ಗುಡ್ಡಗಳಲ್ಲಿ ಆಗ ಅದೇ ಪದ್ಧತಿ. ಹೇಗಿದ್ದರೂ ಮುಂದೆ ಹುಳುಕಾಗಿ ಉದುರುವ ಹಲ್ಲು, ಅದರ ಖರ್ಚನ್ನು ಗಂಡನ ತಲೆಗೆ ಯಾಕೆ ಕಟ್ಟಬೇಕು ಎಂದು ಹುಡುಗಿಯ ಅಪ್ಪನೇ ಗಟ್ಟಿ ಹಲ್ಲುಗಳನ್ನೂ ಸೇರಿಸಿ ಎಲ್ಲವನ್ನೂ ಕೀಳಿಸಿ, ಕಟ್ಟಿಸಿದ ಹಲ್ಲಿನ ಸೆಟ್ಟು ಕೊಡಿಸುತ್ತಿದ್ದ. ಅದು ಉಡುಗೊರೆಯಂತೆ! ಮದುವೆಯ ಫೋಟೋದಲ್ಲಿ ಆಕೆ ತುಟಿ ಬಿಗಿದುಕೊಂಡು ನಿಂತಿದ್ದಾಳೆ. ಡಾಕ್ಟರಮ್ಮನ ಅಡುಗೆಮನೆಯ ಗೋಡೆಯ ಮೇಲೆ ಆ ಫೋಟೋ ಇವತ್ತಿಗೂ ಇದೆ. ನೋಡಿದಾಗಲೆಲ್ಲ ಆ ಪದ್ಧತಿಗೆ ನಾಲ್ಕು ಬೈದೇ ಬಿಡುತ್ತೇನೆ.

ಡಾಕ್ಟರಮ್ಮನ ಅಪ್ಪ ಓಕಿ ಕೋಬರ್ನ್ ಗಣಿಯೊಳಗೆ ದುಡಿಯುವವನು. ಹಲ್ಲುನೋವು ಬಂದರೆ ಒಂದು ಗುಟುಕು ಕಳ್ಳಬಟ್ಟಿ ಬಾಯಿಗೆ, ಒಂದು ಗುಟುಕು ಇಕ್ಕಳಕ್ಕೆ. ಆಮೇಲೆ ಹಿತ್ತಲ ಮೆಟ್ಟಿಲ ಮೇಲೆ ಕೂತು ತಾನೇ ಕಿತ್ತುಕೊಳ್ಳುತ್ತಿದ್ದ. ಒಂದು ಸಲ ಬೇರು ಮುರಿದು ಒಳಗೇ ಉಳಿದು ಕೀವಾಗಿ, ಮುಖ ಕುಂಬಳಕಾಯಿಯಷ್ಟಾಯಿತು. ಪುಟ್ಟ ವೆಸ್ಟಾ ಬಿಸಿನೀರಿನ ಬಟ್ಟೆ ಹಿಂಡಿ ಹಿಂಡಿ ಕೊಟ್ಟಳಂತೆ. ಜಗತ್ತಿನಲ್ಲಿ ಹಲ್ಲು ಕೀಳುವುದನ್ನೇ ಓದಿದವರು ಇರುತ್ತಾರೆ ಎಂದು ಟೀಚರು ಹೇಳಿದ ದಿನ, ಹಾಗಾದರೆ ಅವರು ಇಲ್ಲಿಗೆ ಯಾಕೆ ಬರುವುದಿಲ್ಲ ಎಂದು ಕೇಳಿ ಬೈಸಿಕೊಂಡಳು. ಆ ಸಿಟ್ಟಿನಲ್ಲೇ ಓದಿದಳು. ಸಿಟ್ಟಿನಲ್ಲೇ ನಮ್ಮೂರು ಸ್ಲೇಟ್ ಹಳ್ಳಕ್ಕೆ ವಾಪಸು ಬಂದು ಅಂಚೆ ಕಚೇರಿಯ ಪಕ್ಕ ಬೋರ್ಡು ಹಾಕಿದಳು.

ನಾನು ಡ್ರೀಮಾ. ಹೈಸ್ಕೂಲು ಮುಗಿಸಿದ ಮೇಲೆ ಡಾಕ್ಟರಮ್ಮನ ಪಕ್ಕ ನಿಂತು ಎಂಜಲು ಎಳೆಯುವ ಕೊಳವೆ ಹಿಡಿದವಳು. ನನ್ನ ಬದುಕೆಲ್ಲ ಊರವರ ತೆರೆದ ಬಾಯಿ ನೋಡುವುದರಲ್ಲೇ ಕಳೆಯಿತು. ಅದರ ಸೇಡಿಗೋ ಏನೋ, ನನ್ನ ಬಾಯಿಗೂ ಬಾಗಿಲಿಲ್ಲ.

ಎಪ್ಪತ್ತು ದಾಟಿದ ಮೇಲೆ ಡಾಕ್ಟರಮ್ಮ ಅಂಗಡಿ ಮುಚ್ಚಿದರು. ಕೈ ನಡುಗುತ್ತಿತ್ತೆಂದಲ್ಲ. ಸೊಂಟ ಸೋತಿತ್ತು. ಪರವಾನಗಿಯ ಶುಲ್ಕ, ವಿಮೆ, ವರ್ಷವರ್ಷವೂ ಹೊಸ ಪಾಠ, ಇಷ್ಟೆಲ್ಲ ಮಾಡಿ ಸುಮ್ಮನೆ ಕೂರುವುದೇಕೆ ಎಂದು ಪರವಾನಗಿಯನ್ನೂ ವಾಪಸು ಕೊಟ್ಟರು. ಕೊಟ್ಟ ಮಾರನೆಯ ವಾರದಿಂದಲೇ ಅಡುಗೆಮನೆಯ ಬಾಗಿಲಿಗೆ ಜನ. ಒಬ್ಬನ ಕೆನ್ನೆ ಊದಿದೆ, ಇನ್ನೊಬ್ಬಳಿಗೆ ರಾತ್ರಿಯೆಲ್ಲ ನಿದ್ದೆಯಿಲ್ಲ. ನಮ್ಮ ಜಿಲ್ಲೆಯಲ್ಲಿ ಬೇರೆ ಹಲ್ಲಿನ ಡಾಕ್ಟರಿಲ್ಲ. ಗುಡ್ಡದಾಚೆ ಒಬ್ಬನಿದ್ದಾನೆ, ವಿಮೆಯಿಲ್ಲದವರನ್ನು ಅವನು ಬಾಗಿಲೊಳಗೂ ಬಿಡುವುದಿಲ್ಲ. ಇತ್ತ ಡಾಕ್ಟರಮ್ಮ ಪರವಾನಗಿ ಇಲ್ಲದೆ ಒಂದು ಬಾಯಿಗೆ ಬೆರಳಿಟ್ಟರೆ ಜೈಲು. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎನ್ನುತ್ತಾರಲ್ಲ, ಇಲ್ಲಿ ಎರಡೂ ಇದ್ದವು, ನಡುವೆ ಸರ್ಕಾರ ಕೂತಿತ್ತು.

ಆಗ ನಮ್ಮ ಚರ್ಚಿನ ಪಾದ್ರಿಗಳು ಒಂದು ಸುದ್ದಿ ತಂದರು. ನಿವೃತ್ತರಾದ ಡಾಕ್ಟರುಗಳು, ನರ್ಸುಗಳು ಬಡವರಿಗೆ ಪುಕ್ಕಟೆ ಸೇವೆ ಮಾಡುವುದಾದರೆ ಅವರಿಗೆಂದೇ ಬೇರೆ ಪರವಾನಗಿ ಉಂಟು. ಶುಲ್ಕವಿಲ್ಲ, ವಿಮೆ ಸರ್ಕಾರದ್ದೇ. ಎರಡೇ ಷರತ್ತು. ಒಪ್ಪಿಗೆ ಪಡೆದ ದವಾಖಾನೆಯಲ್ಲೇ ಕೆಲಸ ಮಾಡಬೇಕು. ಹಣವಾಗಲಿ ವಸ್ತುವಾಗಲಿ ಯಾವ ರೂಪದಲ್ಲೂ ಪ್ರತಿಫಲ ಮುಟ್ಟಬಾರದು. ಡಾಕ್ಟರಮ್ಮ ಕುಣಿದಾಡಿದರು. ಚರ್ಚಿನ ನೆಲಮಾಳಿಗೆಯಲ್ಲಿ ಹಳೆಯ ಕುರ್ಚಿ ಇಟ್ಟು, ದೀಪ ಕಟ್ಟಿ, ಗುರುವಾರ ಗುರುವಾರ ಶುರು ಮಾಡಿದೆವು.

ಒಂದು ನರಪಿಳ್ಳೆಯೂ ಬರಲಿಲ್ಲ. ಊರವರ ಪಿಕಪ್ ಟ್ರಕ್ಕುಗಳು ಬಂದು ಚರ್ಚಿನ ಅಂಗಳದಲ್ಲಿ ನಿಲ್ಲುತ್ತಿದ್ದವು. ಜನ ಒಳಗೇ ಕೂತು ಕೆನ್ನೆ ಒತ್ತಿಕೊಂಡು ಬಾಗಿಲು ನೋಡಿ ಹಾಗೇ ಹೊರಟುಹೋಗುತ್ತಿದ್ದರು. ಕಾರಣ ನನಗೆ ಗೊತ್ತು. ನಮ್ಮ ಗುಡ್ಡದವರಿಗೆ "ಬಿಟ್ಟಿ" ಎನ್ನುವುದಕ್ಕಿಂತ ದೊಡ್ಡ ಬೈಗುಳವಿಲ್ಲ. ಹಸಿದು ಸತ್ತಾರು, ಬೇಡಲಾರರು; ಪಕ್ಕದ ಮನೆಯ ಊಟಕ್ಕೆ ಕೂತರೆ ಮಾರನೆಯ ದಿನ ಅವರ ಬೇಲಿಗೆ ಗೂಟ ಹೊಡೆದುಕೊಟ್ಟು ಬರುತ್ತಾರೆ. ಕೊಡದೆ ತೆಗೆದುಕೊಂಡವನು ಮನುಷ್ಯನೇ ಅಲ್ಲ.

ಕೊನೆಗೆ ಮೊದಲು ಇಳಿದು ಬಂದವನು ಆರ್ಲಿಸ್ ಮಲಿನ್ಸ್. ಗಣಿ ಮುಚ್ಚಿ ಕೆಲಸ ಹೋದ ಮೇಲೆ ಅವನಿಗೆ ಉಳಿದದ್ದು ಶ್ವಾಸಕೋಶ ತುಂಬಾ ಕಲ್ಲಿದ್ದಲ ಧೂಳು, ತಲೆ ತುಂಬಾ ಜಂಬ. ಕೈಯಲ್ಲಿ ಉಪ್ಪಿನಲ್ಲಿ ಹಾಕಿದ ಹುರುಳಿಕಾಯಿಯ ಜಾಡಿ.

"ಡಾಕ್ಟರಮ್ಮ, ಇದನ್ನ ತಗೊಂಡ್ರೆ ಕೂತ್ಕೋತೀನಿ. ಇಲ್ಲಾಂದ್ರೆ ಬಂದ ದಾರೀಲೇ ಹೋಗ್ತೀನಿ."

"ಏ ಆರ್ಲಿಸ್, ನಾನು ಏನೂ ಮುಟ್ಟೋ ಹಾಗಿಲ್ಲ ಕಣೋ. ಕಾನೂನು."

"ಹಾಗಾದ್ರೆ ನನ್ನ ಹಲ್ಲೂ ಮುಟ್ಟಬೇಡಿ."

ನಾನೇ ಉಪಾಯ ಹುಡುಕಿದೆ. ಮೆಟ್ಟಿಲ ಕೆಳಗೆ ಒಂದು ಮೇಜು ಎಳೆದು ಹಾಕಿ, "ಇದು ಚರ್ಚಿನ ಮೇಜು. ಇಲ್ಲಿ ಇಟ್ಟದ್ದು ಯಾರದ್ದೂ ಅಲ್ಲ, ಬೇಕಾದವರು ಒಯ್ಯಬಹುದು" ಎಂದೆ. ಆರ್ಲಿಸ್ ಯೋಚಿಸಿದ. ಜಾಡಿಯನ್ನು ಇಟ್ಟ. ಕೂತ. ಡಾಕ್ಟರಮ್ಮ ಕಣ್ಣು ಮಿಟುಕಿಸುವುದರೊಳಗೆ ಅವನ ದವಡೆ ಹಲ್ಲನ್ನು ಕಿತ್ತರು. ಮುಂದಿನ ಗುರುವಾರ ಅಂಗಳದ ಟ್ರಕ್ಕುಗಳೆಲ್ಲ ಖಾಲಿ, ನೆಲಮಾಳಿಗೆ ತುಂಬಿ ಮೆಟ್ಟಿಲವರೆಗೆ ಸಾಲು. ಮೇಜಿನ ಮೇಲೆ ಜೇನು, ಜಿಂಕೆ ಮಾಂಸ, ಒಣ ಸೇಬಿನ ಕೇಕು, ಕಾಡು ಬೆಳ್ಳುಳ್ಳಿಯ ಕಟ್ಟು. ಜಾಡಿ ತಂದವನೇ ಹೋಗುವಾಗ ಬೇರೆಯವನ ಜಾಡಿ ಒಯ್ಯುತ್ತಿದ್ದ. ಡಾಕ್ಟರಮ್ಮ ಮಾತ್ರ ಒಂದು ತುಣುಕು ಬಾಯಿಗಿಡಲಿಲ್ಲ. ನಾನು ದೇವರಾಣೆ ಮಾಡಿ ಹೇಳುತ್ತೇನೆ, ಇಡಲಿಲ್ಲ.

ಚೆನ್ನಾಗಿ ನಡೆಯುತ್ತಿದ್ದುದಕ್ಕೆ ಕಲ್ಲು ಹಾಕಿದವಳು ಪಾದ್ರಿಗಳ ಹೆಂಡತಿ. ಪಾಪ, ಕೆಟ್ಟವಳಲ್ಲ, ಬುದ್ಧಿ ಸ್ವಲ್ಪ ಕಡಿಮೆ. ಆ ಮೇಜಿನ ಫೋಟೋ ತೆಗೆದು "ನಮ್ಮ ಡಾಕ್ಟರಮ್ಮನಿಗೆ ಊರಿನ ಕಾಣಿಕೆ" ಎಂದು ಬರೆದು ಫೋನಿನಲ್ಲಿ ಲೋಕಕ್ಕೆಲ್ಲ ಹಂಚಿದಳು. ಫೋಟೋ ಗುಡ್ಡ ಇಳಿದು ರಾಜಧಾನಿ ಮುಟ್ಟಿತು. ಒಂದು ಗುರುವಾರ ಪರವಾನಗಿ ಕೊಡುವ ಹಲ್ಲಿನ ಮಂಡಳಿಯಿಂದ ಟೈ ಕಟ್ಟಿದ ತನಿಖೆಯವನೊಬ್ಬ ಬಂದ. ಅವನ ಹೆಸರು ಪ್ರೆಂಟಿಸ್. ಮೆತ್ತಗಿನ ಮಾತು, ನುಣ್ಣಗಿನ ಬೂಟು.

ಸಾಲಿನಲ್ಲಿ ನಿಂತವರನ್ನು ಅವನು ಮೃದುವಾಗಿ ಕೇಳಿದ. "ಇಲ್ಲಿ ನೀವೆಲ್ಲ ದಾನವಾಗಿ ಚಿಕಿತ್ಸೆ ಪಡೀತಿದೀರಿ, ಅಲ್ವೇ?"

ಆ "ದಾನ" ಎಂಬ ಶಬ್ದ ಬಿದ್ದದ್ದೇ ತಡ, ಆರ್ಲಿಸ್‌ನ ಕತ್ತಿನ ನರ ಉಬ್ಬಿತು.

"ದಾನ? ಯಾರ್ರೀ ದಾನ ತಗೊಂಡಿದ್ದು? ಮಲಿನ್ಸ್ ಮನೆತನದಲ್ಲಿ ದಾನ ತಗೊಂಡವನು ಹುಟ್ಟಿಲ್ಲ! ನಾನು ಕೊಟ್ಟಂಥ ಹಂದಿ ತೊಡೆ ಈ ಜಿಲ್ಲೇಲೇ ಸಿಗಲ್ಲ, ಚಳಿಗಾಲ ಪೂರ್ತಿ ಹೊಗೆ ಹಾಕಿದ್ದು. ಡಾಕ್ಟರಮ್ಮನ ಮನೆಗೇ ಹೋಗಿ, ಅವರ ಕೈಗೇ ಕೊಟ್ಟು ಬಂದಿದೀನಿ."

ನಾನು ಹಿಂದಿನಿಂದ ಅವನ ಕಾಲು ತುಳಿದೆ. ಎತ್ತಿನ ಕಾಲು ತುಳಿದ ಹಾಗಾಯಿತು. ಅಷ್ಟರಲ್ಲಿ ಉಳಿದವರಿಗೂ ಹುರುಪು ಬಂತು. ಆರ್ಲಿಸ್ ಒಬ್ಬನೇ ಮಾನವಂತನೇ?

"ನಾನು ಜೇನು ಕೊಟ್ಟಿದೀನಿ, ಬರ್ಕೊಳ್ಳಿ!"

"ಅವರ ಮನೆ ದಾರಿಗೆ ಜಲ್ಲಿ ಹಾಕಿದ್ದು ನಾನು ಸ್ವಾಮಿ!"

"ಹೋಗೋ, ಅರ್ಧ ಗಾಡಿ ಜಲ್ಲಿ. ನಾನು ಸೌದೆ ಒಡೆದುಕೊಟ್ಟಿದೀನಿ!"

ಪ್ರೆಂಟಿಸ್ ಬರೆದುಕೊಂಡ. ಸುಳ್ಳು ಎಲ್ಲಿತ್ತು, ನಿಜ ಎಲ್ಲಿತ್ತು, ಅವನಿಗೆ ಹೇಗೆ ಗೊತ್ತಾಗಬೇಕು? ಜಲ್ಲಿ ಹಾಕಿದ್ದು ಡಾಕ್ಟರಮ್ಮ ಅಂಗಡಿ ಇಟ್ಟಿದ್ದ ಕಾಲದಲ್ಲಿ. ಸೌದೆ ಒಡೆದದ್ದು ಚರ್ಚಿಗೆ. ಇನ್ನು ಹಂದಿ ತೊಡೆ! ಆರ್ಲಿಸ್ ಅದನ್ನು ಡಾಕ್ಟರಮ್ಮ ಇಲ್ಲದ ಹೊತ್ತಿನಲ್ಲಿ ಅವರ ಜಗುಲಿಯ ಮೇಲಿಟ್ಟು ಓಡಿದ್ದ. ಅವರು ಅದನ್ನು ಹಾಗೇ ಕಾರಿಗೆ ಹಾಕಿ ಚರ್ಚಿನ ಊಟಕ್ಕೆ ತಂದರು. ಇಡೀ ಊರು ತಿಂದಿತು, ಆರ್ಲಿಸ್ ಎರಡು ಸಲ ಬಡಿಸಿಕೊಂಡ. ಆದರೆ ಅಪರಿಚಿತನ ಮುಂದೆ ಮೀಸೆ ತಿರುವುವಾಗ ಇದೆಲ್ಲ ಯಾರಿಗೆ ನೆನಪಿರುತ್ತದೆ?

ಡಾಕ್ಟರಮ್ಮ ಕೈಗವಸು ಬಿಚ್ಚಿ ಡಬ್ಬಿಗೆ ಎಸೆದರು. "ಬಾಯಿ ಮುಚ್ಚಿ ಅಂತ ನನ್ನ ಜೀವಮಾನದಲ್ಲಿ ಯಾರಿಗೂ ಹೇಳಿಲ್ಲ. ಇವತ್ತು ಹೇಳಬೇಕಿತ್ತು" ಎಂದರು.

ಮಂಡಳಿಯವರು ಪರವಾನಗಿಯನ್ನು ತಡೆಹಿಡಿದರು, ವಿಚಾರಣೆ ಆಗುವವರೆಗೆ. ವಿಚಾರಣೆ ಯಾವಾಗ? ಫೋನು ಮಾಡಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತು. ಬೇಸಿಗೆ ಹೋಯಿತು. ಎಲೆ ಉದುರಿತು. ನಾನು ಗುರುವಾರ ಗುರುವಾರ ಹೋಗಿ ಖಾಲಿ ಕುರ್ಚಿಯ ಧೂಳು ಒರೆಸಿ, ಯಾರ ಮೇಲೆ ಎಂದಿಲ್ಲದೆ ಬೈದು ಬರುತ್ತಿದ್ದೆ.

ಆ ಚಳಿಗೆ ಆರ್ಲಿಸ್‌ನ ಹೆಂಡತಿ ಐಸಿಗೆ ಕೆಳದವಡೆಯಲ್ಲಿ ಕೀವಾಯಿತು. ಐಸಿ ಮಾತಿಲ್ಲದ ಹೆಂಗಸು, ಗಂಡ ಆಡುವ ಮಾತೇ ಇಬ್ಬರಿಗೂ ಸಾಕಾಗಿತ್ತು. ತುರ್ತು ಆಸ್ಪತ್ರೆಯವರು ಮಾತ್ರೆ ಕೊಟ್ಟು "ಹಲ್ಲಿನ ಡಾಕ್ಟರಿಗೆ ತೋರಿಸಿ" ಎಂದು ಕಳಿಸಿದರು. ಯಾವ ಡಾಕ್ಟರಿಗೆ ತೋರಿಸುವುದು? ಗುಡ್ಡದಾಚೆಯವನು ವಿಮೆ ಕೇಳಿದ. ಆರ್ಲಿಸ್ ಅವಳನ್ನು ಡಾಕ್ಟರಮ್ಮನ ಮನೆಗೇ ಕರೆತಂದ. ನಾನು ಅಲ್ಲೇ ಇದ್ದೆ.

ಡಾಕ್ಟರಮ್ಮ ಬಾಗಿಲಲ್ಲೇ ನಿಂತು ಅವಳ ಮುಖ ನೋಡಿದರು. ಎರಡೂ ಕೈಗಳನ್ನು ಏಪ್ರನ್ನಿನ ಜೇಬಿಗೆ ತುರುಕಿದರು. ಆ ಬಟ್ಟೆಯೊಳಗೆ ಅವರ ಮುಷ್ಟಿ ಬಿಗಿಯುವುದು ನನಗೆ ಕಾಣುತ್ತಿತ್ತು.

"ಕುರ್ಚಿ ಇದೆ, ಇಕ್ಕಳ ಇದೆ, ನಾನಿದೀನಿ. ನಿನ್ನ ಹೆಂಡತಿ ಬಾಯಿಗೆ ಕೈಯಿಟ್ಟರೆ ನಾನು ಅಪರಾಧಿ, ಆಮೇಲೆ ಈ ಊರಲ್ಲಿ ಇನ್ನೊಬ್ಬರ ಹಲ್ಲನ್ನ ನಾನು ಯಾವತ್ತೂ ಮುಟ್ಟೋ ಹಾಗಿಲ್ಲ. ನಗರದ ದೊಡ್ಡಾಸ್ಪತ್ರೆಗೆ ಹೋಗಿ ಆರ್ಲಿಸ್. ಈಗಲೇ. ಕೀವು ಕತ್ತಿಗೆ ಇಳೀತಿದೆ, ಉಸಿರು ಕಟ್ಟುತ್ತೆ."

ಅವರು ಹೋದ ಮೇಲೆ ಡಾಕ್ಟರಮ್ಮ ಅಡುಗೆಮನೆಗೆ ಹೋಗಿ ತಾಯಿಯ ಫೋಟೋ ಮುಂದೆ ನಿಂತು, ನಾನು ಯಾವತ್ತೂ ಕೇಳದಂಥ ಬೈಗುಳಗಳನ್ನು ಬೈದರು. ಗಣಿಯವರ ಬೈಗುಳ, ಓಕಿ ಕೋಬರ್ನ್ ಕಲಿಸಿದ್ದು. ಐಸಿ ಬದುಕಿದಳು. ದೊಡ್ಡಾಸ್ಪತ್ರೆಯಲ್ಲಿ ಕತ್ತು ಕುಯ್ದು ಉಸಿರಿಗೆ ಕೊಳವೆ ಹಾಕಿದ್ದರು. ಕಾಲರಿನ ಮೇಲ್ಗಡೆ ಆ ಗಾಯದ ಕಲೆ ಈಗಲೂ ಕಾಣುತ್ತದೆ.

ನನಗೆ ತಡೆಯಲಾಗಲಿಲ್ಲ. ಪೆಟ್ರೋಲ್ ಬಂಕಿನಲ್ಲಿ ಆರ್ಲಿಸ್ ಸಿಕ್ಕಿದಾಗ ನಾಲ್ಕು ಜನರೆದುರೇ ಜಾಡಿಸಿದೆ. "ನೋಡಿದ್ಯೇನೋ ನಿನ್ನ ಜಂಬದ ಬೆಲೆ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ! ನೀನು ಮೀಸೆ ತಿರುವಿದ್ದಕ್ಕೆ ಕತ್ತು ಕುಯ್ಸಿಕೊಂಡಿದ್ದು ಐಸಿ! ಆ ಹಂದಿ ತೊಡೇನ ಡಾಕ್ಟರಮ್ಮ ಕಣ್ಣೆತ್ತಿ ನೋಡಿದ್ರೇನೋ? ತಿಂದವನು ನೀನು!"

ಅವನು ತಿರುಗಿ ಬೈಯುತ್ತಾನೆ ಎಂದುಕೊಂಡಿದ್ದೆ. ಬೈಯಲಿಲ್ಲ. "ವಿಚಾರಣೆ ಯಾವಾಗ?" ಎಂದಷ್ಟೇ ಕೇಳಿದ.

ವಿಚಾರಣೆ ಹಿಮ ಕರಗುವ ಹೊತ್ತಿಗೆ ಆಯಿತು. ರಾಜಧಾನಿಯಲ್ಲಿ ಕಾಲು ಹೂತುಹೋಗುವ ರತ್ನಗಂಬಳಿ ಹಾಸಿದ ಕೋಣೆ. ಮೇಜಿನ ಆಚೆ ಮಂಡಳಿಯವರು ಸಾಲಾಗಿ ಕೂತಿದ್ದರು. ಅಧ್ಯಕ್ಷರ ಹಲ್ಲು ಎಷ್ಟು ಬೆಳ್ಳಗಿತ್ತೆಂದರೆ ನನಗೆ ಏನನ್ನಾದರೂ ಎತ್ತಿ ಎಸೆಯಬೇಕೆನ್ನಿಸಿತು. ನಮ್ಮ ಪರವಾಗಿ ಬಂದಿದ್ದ ವಕೀಲ ಹುಡುಗಿ ಮೊದಲೇ ಹೇಳಿದ್ದಳು. ನೆಲಮಾಳಿಗೆಯ ಮೇಜಿನ ಮೇಲಿಟ್ಟದ್ದೆಲ್ಲ ಚರ್ಚಿನದು ಎಂದು ವಾದಿಸಬಹುದು. ಮನೆಗೇ ಹೋಗಿ ಕೈಗೇ ಕೊಟ್ಟೆ ಎಂದ ಆರ್ಲಿಸ್‌ನ ಮಾತೊಂದೇ ಕುತ್ತು. ಅದನ್ನು ಅವನೇ ಹಿಂತೆಗೆದುಕೊಳ್ಳಬೇಕು.

ಆರ್ಲಿಸ್ ಅಪ್ಪನ ಕಾಲದ ಕೋಟು ಹಾಕಿಕೊಂಡು ಬಂದಿದ್ದ. ಎದ್ದು ನಿಂತು ಟೋಪಿಯನ್ನು ಎರಡು ಕೈಯಲ್ಲಿ ಹಿಡಿದುಕೊಂಡ.

"ನಾನು ಡಾಕ್ಟರಮ್ಮನ ಕೈಗೆ ಏನೂ ಕೊಟ್ಟಿಲ್ಲ. ಅವತ್ತು ಹೇಳಿದ್ದು ಸುಳ್ಳು. ಜಗುಲಿ ಮೇಲೆ ಇಟ್ಟಿದ್ದನ್ನ ಅವರು ಚರ್ಚಿಗೆ ಕೊಟ್ಟರು."

"ಅಂದರೆ ನೀವು ಚಿಕಿತ್ಸೆಯನ್ನು ದಾನವಾಗಿ ಪಡೆದಿರಿ?" ಅಧ್ಯಕ್ಷರು ಕೇಳಿದರು.

ಆರ್ಲಿಸ್ ತಲೆಯಾಡಿಸಿದ.

"ದಯವಿಟ್ಟು ಬಾಯಿಬಿಟ್ಟು ಹೇಳಿ. ದಾಖಲೆಗೆ ಬೇಕು."

"ಹೌದು."

"ಸ್ವಲ್ಪ ಜೋರಾಗಿ."

"ಹೌದ್ರೀ, ದಾನ! ಬಿಟ್ಟಿ ಕೀಳಿಸ್ಕೊಂಡೆ! ನನ್ನ ಹತ್ರ ಏನೂ ಇರಲಿಲ್ಲ, ಭಿಕ್ಷೆ ಬೇಡಿದೆ, ಅವರು ಹಾಕಿದ್ರು! ಸಾಕಾ?"

"ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ" ಎಂದರು ಅಧ್ಯಕ್ಷರು, ಆ ಹಲ್ಲೆಲ್ಲ ತೋರಿಸಿ. ಅಯ್ಯೋ, ಆ ಕ್ಷಣ ನನ್ನ ಕೈಯಲ್ಲಿ ಏನೂ ಇರಲಿಲ್ಲವಲ್ಲ! ನಾನು ಡಾಕ್ಟರಮ್ಮನ ಕಡೆ ನೋಡಿದೆ. ಏನಾದರೂ ಹೇಳುತ್ತಾರೆ, ಎದ್ದು ಆ ಮನುಷ್ಯನ ಬಾಯಿ ಮುಚ್ಚಿಸುತ್ತಾರೆ ಎಂದುಕೊಂಡೆ. ಅವರು ತಲೆ ತಗ್ಗಿಸಿ ಕೂತಿದ್ದರು. ಅವರಿಗೆ ಪರವಾನಗಿ ಬೇಕಿತ್ತು.

ಪರವಾನಗಿ ಸಿಕ್ಕಿತು. ಜೊತೆಗೊಂದು ಷರತ್ತು. ಮೇಜು ತೆಗೆಯಬೇಕು, ಆ ಜಾಗದಲ್ಲಿ ಬೋರ್ಡು ಹಾಕಬೇಕು. ಮಂಡಳಿಯವರೇ ಅಚ್ಚು ಹಾಕಿಸಿ ಕಳಿಸಿದರು. "ಇಲ್ಲಿನ ಸೇವೆ ಸಂಪೂರ್ಣ ದಾನ. ಯಾರಿಂದಲೂ ಏನನ್ನೂ ಸ್ವೀಕರಿಸುವುದಿಲ್ಲ." ಗುರುವಾರ ಬೆಳಿಗ್ಗೆ ಅದನ್ನು ಮೊಳೆ ಹೊಡೆದು ತೂಗುಹಾಕಿ ಕಾದೆವು. ಅಂಗಳಕ್ಕೆ ಟ್ರಕ್ಕುಗಳು ಬಂದವು. ಕೆಲವರು ಬಾಗಿಲವರೆಗೂ ಬಂದು ಓದಿದರು. ಓದಿ ಟೋಪಿ ಸರಿಮಾಡಿಕೊಂಡು ಹೋದರು. ಮುಂದಿನ ಗುರುವಾರವೂ ಅಷ್ಟೇ. ಪರವಾನಗಿ ಗೋಡೆಯ ಮೇಲೆ, ಡಾಕ್ಟರಮ್ಮ ಕುರ್ಚಿಯ ಪಕ್ಕ, ಕುರ್ಚಿ ಖಾಲಿ. ಆರ್ಲಿಸ್ ರಾಜಧಾನಿಯಲ್ಲಿ ಏನು ಹೇಳಿ ಬಂದ ಎಂಬುದು ಊರಿಗೆಲ್ಲ ಗೊತ್ತಾಗಿತ್ತು. ಆ ಗತಿ ತಮಗೆ ಬೇಡ ಎಂದುಕೊಂಡಿರಬೇಕು. ಬೋಳಿಮಕ್ಕಳು, ನೋವಿನಲ್ಲಿ ಗೋಡೆಗೆ ತಲೆ ಚಚ್ಚಿಕೊಂಡರೂ ಸರಿ!

ಒಂದು ಮಂಗಳವಾರ ಐಸಿಯಿಂದ ನನಗೆ ಫೋನು ಬಂತು. ಮಾತಾಡದವಳು ಫೋನು ಮಾಡಿದ್ದಾಳೆಂದರೆ ಏನೋ ಆಗಿದೆಯೆಂದೇ ಲೆಕ್ಕ. "ಡ್ರೀಮಾ, ಇವರು ಹಿತ್ತಲಲ್ಲಿ ಕೂತು ಹಲ್ಲು ಕಿತ್ಕೊಂಡ್ರು. ಅರ್ಧ ಒಳಗೇ ಉಳೀತು. ಡಾಕ್ಟರಮ್ಮನ ಹತ್ರ ಹೋಗೋಣ ಅಂದ್ರೆ ಸತ್ರೂ ಬರಲ್ಲ ಅಂತಾರೆ."

ಡಾಕ್ಟರಮ್ಮನಿಗೆ ಹೇಳಿದೆ. ಅವರು ಕಾರಿನ ಕೀಲಿ ಎತ್ತಿಕೊಂಡರು. ಕಾರು ಅವರೇ ಓಡಿಸಿದರು. ಆ ವಯಸ್ಸಿನಲ್ಲಿ ಆ ತಿರುವುಗಳಲ್ಲಿ ಅವರು ಓಡಿಸಿದ ವೇಗಕ್ಕೆ ನಾನು ನೆನೆಯದ ದೇವರಿಲ್ಲ.

ಆರ್ಲಿಸ್ ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದ. ಕೆನ್ನೆ ಊದಿತ್ತು, ಅಂಗಿಯ ಮೇಲೆ ರಕ್ತ. ಪಕ್ಕದಲ್ಲಿ ತಂತಿ ಕತ್ತರಿಸುವ ಇಕ್ಕಳ. ಡಾಕ್ಟರಮ್ಮ ಅದನ್ನು ನೋಡಿದರು, ಮೆಟ್ಟಿಲು ನೋಡಿದರು. ಅವರಿಗೆ ಯಾರು ನೆನಪಾದರೆಂದು ನನಗೆ ಗೊತ್ತು.

"ಏಳೋ. ಚರ್ಚಿಗೆ ನಡಿ."

"ಬರಲ್ಲ ಡಾಕ್ಟರಮ್ಮ. ಬಿಟ್ಟಿ ತಿನ್ನೋನು ಅಂತ ಸರ್ಕಾರದ ಕಾಗದದಲ್ಲಿ ಒಂದ್ಸಲ ಬರ್ಸಿದೀನಿ. ಸಾಕು."

ನಾನು ಬಾಯಿ ತೆರೆದೆ. ಡಾಕ್ಟರಮ್ಮ ಕೈಯೆತ್ತಿ ತಡೆದರು. ಸೊಂಟ ಹಿಡಿದುಕೊಂಡು, ನರಳಿಕೊಂಡು ಅವನ ಪಕ್ಕ ಅದೇ ಮೆಟ್ಟಿಲ ಮೇಲೆ ಕೂತರು.

"ಬಿಟ್ಟಿ ತಿಂದೋಳು ನಾನು ಕಣೋ. ಅಲ್ಲಿ ವಿಚಾರಣೇಲಿ ಅಷ್ಟು ಜನರ ಮುಂದೆ ನಿನ್ನ ಮಾನ ತೆಗೆದು ಆ ಮೇಜಿನ ಮೇಲೆ ಇಟ್ಟೆಯಲ್ಲ, ಅದು ಯಾರಿಗೆ ಕೊಟ್ಟಿದ್ದು? ನನಗೆ ಕೊಟ್ಟಿದ್ದು. ನಾನು ತಗೊಂಡೆ. ಬೇಡ ಅನ್ನಲಿಲ್ಲ. ತಲೆ ಬಗ್ಗಿಸ್ಕೊಂಡು ಕೂತು ತಗೊಂಡೆ. ಇಷ್ಟು ವರ್ಷದಲ್ಲಿ ನನಗೆ ಯಾರೂ ಅಷ್ಟು ಕೊಟ್ಟಿಲ್ಲ." ಆಮೇಲೆ ಅವನ ಕಡೆ ತಿರುಗಿ ಸಿಟ್ಟಿನಲ್ಲೇ ಗದರಿದರು. "ನಾನೂ ಈ ಗುಡ್ಡದೋಳೇ. ನಮ್ಮಪ್ಪನೂ ಗಣೀಲೇ ದುಡಿದಿದ್ದು. ನಿನ್ನ ಋಣ ಹೊತ್ಕೊಂಡು ಸಾಯಕ್ಕೆ ನನಗೂ ಮಾನ ಇಲ್ವೇನೋ? ತೀರಿಸಕ್ಕೆ ಬಿಡ್ತೀಯೋ, ಇಲ್ವೋ?"

ಆರ್ಲಿಸ್ ಪಕ್ಕದಲ್ಲಿದ್ದ ಇಕ್ಕಳವನ್ನು ಮೆಟ್ಟಿಲ ಕೆಳಕ್ಕೆ ಸರಿಸಿದ. ಆಮೇಲೆ ಎದ್ದು ಗೂಟದ ಮೇಲಿದ್ದ ಟೋಪಿ ತೆಗೆದು ಹಾಕಿಕೊಂಡ.

"ಇವತ್ತು ಗುರುವಾರ ಅಲ್ವಲ್ಲ" ಎಂದ.

"ನಿನ್ನ ಕೀವಿಗೆ ಕ್ಯಾಲೆಂಡರ್ ಗೊತ್ತಾ? ನಡಿ."

ಪಾದ್ರಿಗಳಿಂದ ಬೀಗದ ಕೈ ತಂದು ನೆಲಮಾಳಿಗೆ ತೆರೆದೆ. ಮುರಿದ ಬೇರು ಚೂರು ಚೂರಾಗಿ ಬಂತು, ಬೆವರಿಳಿಸಿಬಿಟ್ಟಿತು. ಆರ್ಲಿಸ್ ಹತ್ತಿ ಕಚ್ಚಿಕೊಂಡು ಎದ್ದ. ಮೆಟ್ಟಿಲ ಬಳಿ ಬೋರ್ಡಿನ ಮುಂದೆ ನಿಂತು ಇಡೀ ಓದಿದ.

"ಈಗ ಚುಕ್ತಾ, ಡಾಕ್ಟರಮ್ಮ" ಎಂದ, ಹತ್ತಿಯ ಸಂದಿಯಿಂದ.

"ಎಲ್ಲಿ ಚುಕ್ತಾ? ನಿನ್ನ ಬಾಯಲ್ಲಿ ಇನ್ನೂ ಹುಳುಕಿದೆ. ಅದೆಲ್ಲ ನಾನು ತೀರಿಸಬೇಕಾದ್ದು. ಗುರುವಾರ ಬಾ."

ಅವನು ಗುರುವಾರ ಬಂದ. ಎಲ್ಲರೂ ನೋಡುವ ಹಾಗೆ ಟ್ರಕ್ಕನ್ನು ಬಾಗಿಲಿಗೇ ತಂದು ನಿಲ್ಲಿಸಿ, ಎದೆ ಸೆಟೆಸಿಕೊಂಡು ಇಳಿದು ಬಂದ. ಅಂಗಳದಲ್ಲಿ ಯಾರೋ "ಏನೋ ಆರ್ಲಿಸ್, ಮತ್ತೆ ಭಿಕ್ಷೆಗಾ?" ಎಂದು ಕೆಣಕಿದರು.

"ಮುಚ್ಚೋ ಬಾಯಿ" ಎಂದ ಆರ್ಲಿಸ್. "ವಸೂಲಿಗೆ ಬಂದಿದೀನಿ."

ಇದೂ ಪ್ರತಿಫಲವೇ ಆದರೆ, ಮಂಡಳಿಯವರಿಗೆ ಹೋಗಿ ಹೇಳುವವರು ಹೇಳಲಿ. ಅವರನ್ನು ವಿಚಾರಿಸಿಕೊಳ್ಳಲು ನಾನು ಬಾಗಿಲಲ್ಲೇ ಇರುತ್ತೇನೆ.